ಪರಸಿಕಲ್ಲಿನ ಮೇಲೆ ಚಪ್ಪಲಿ ಇರಲಿಲ್ಲ

ನಮ್ಮಪ್ಪನ ಮಣೂಕದ ಶೆಡ್ಡಿನೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಟಿಕೋಟಾದಿಂದ ಸ್ವಲ್ಪ ಒಳಗೆ ನಮ್ಮ ದ್ರಾಕ್ಷಿ ತೋಟ. ತೋಟದ ಒಂದು ತುದಿಗೆ ತಗಡು ಹೊದೆಸಿದ ಉದ್ದನೆಯ ಶೆಡ್ಡು, ಅದರೊಳಗೆ ಒಂದರ ಮೇಲೊಂದು ಬಲೆ ಬಿಗಿದ ಕಬ್ಬಿಣದ ರ‍್ಯಾಕುಗಳು. ಕೊಯ್ದ ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಗಳ ಮೇಲೆ ಹರವಿದರೆ ಗಾಳಿಗೆ ಒಣಗುತ್ತ ಒಣಗುತ್ತ ಮಣೂಕವಾಗುತ್ತದೆ. ಪೇಟೆಯವರು ಅದನ್ನೇ ಒಣದ್ರಾಕ್ಷಿ ಅನ್ನುತ್ತಾರೆ. ಒಣಗಿದ ಮೇಲೆ ಬಲೆ ಅಲುಗಿಸಿ ಕೆಳಗೆ ಉದುರಿಸಿ, ನೆಲದಿಂದ ಬಳಿದು ತುಂಬುತ್ತಾರೆ. ಹಾಗಾಗಿ ಆ ನೆಲ ಅಪ್ಪನ ಪಾಲಿಗೆ ಅಡುಗೆಮನೆಯ ನೆಲ. "ಮಂದಿ ತಿನ್ನೂದೈತಿ, ತುಳಿಯೂದಲ್ಲ" ಅನ್ನುತ್ತಿದ್ದ.

ಶೆಡ್ಡಿನ ಬಾಗಿಲಲ್ಲಿ ಒಂದು ಪರಸಿಕಲ್ಲು, ಚಪ್ಪಟೆ ಹಾಸುಗಲ್ಲು. ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಚಪ್ಪಲಿಯನ್ನು ಅದರ ಮೇಲೆ ಬಿಡಬೇಕು, ನಾವೂ ಬಿಡಬೇಕು, ಅಪ್ಪನೂ ಬಿಡುತ್ತಿದ್ದ. ಅವನವು ಬಬಲೇಶ್ವರದಲ್ಲಿ ಹೊಲಿಸಿದ ಚರ್ಮದ ಚಪ್ಪಲಿ, ಕೆಳಗೆ ಟಾಯರಿನ ಅಟ್ಟೆ. ಮಣ್ಣು ಮೆತ್ತಿಕೊಂಡು ಒಂದೊಂದೂ ಇಟ್ಟಂಗಿಯಷ್ಟು ಭಾರ. ವರ್ಷಗಳು ಹೋದಂತೆ ಯಾರೂ ಹೇಳಿಕೊಡದೆ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಕಲ್ಲಿನ ಮೇಲೆ ಚಪ್ಪಲಿ ಇದ್ದರೆ ಒಳಗೆ ಮನುಷ್ಯರಿದ್ದಾರೆ, ಕಲ್ಲು ಬರಿದಾಗಿದ್ದರೆ ಶೆಡ್ಡು ಬರಿದು. ಅಪ್ಪನನ್ನು ಊಟಕ್ಕೆ ಕರೆಯಲು ಬಂದ ಅವ್ವ ಒಳಗೆ ಇಣುಕುತ್ತಲೇ ಇರಲಿಲ್ಲ. ಕಲ್ಲು ಬರಿದಾಗಿದ್ದರೆ ಹಾಗೇ ಹೊರಳುತ್ತಿದ್ದಳು. ಅಪ್ಪನಿಗೆ ಒಂದು ಕಿವಿ ಮಂದ, ಕೂಗಿ ಉಪಯೋಗವಿಲ್ಲ ಎಂಬುದೂ ಅದಕ್ಕೆ ಕಾರಣವಿರಬೇಕು.

ಹಣ್ಣು ಅರೆ ಒಣಗಿದಾಗ ಗಂಧಕದ ಹೊಗೆ ಕೊಡಬೇಕು. ಪೇಟೆ ಕೇಳುವ ಬಂಗಾರದ ಬಣ್ಣ ಬರುವುದು ಅದರಿಂದಲೇ. ಶೆಡ್ಡಿನ ಸುತ್ತ ತಾಡಪತ್ರಿಯ ದಪ್ಪ ಹೊದಿಕೆ ಇಳಿಬಿಟ್ಟು, ಬಿಗಿದು ಕಟ್ಟಿ, ಅಂಚಿಗೆ ಮಣ್ಣು ಏರಿಸುತ್ತಾರೆ. ಆಮೇಲೆ ಒಂದೊಂದು ಕಡೆ ಅಂಚು ಎತ್ತಿ, ಗಂಧಕ ಉರಿಯುವ ಕಬ್ಬಿಣದ ಬುಟ್ಟಿಯನ್ನು ಹೊರಗಿನಿಂದಲೇ ಒಳಗೆ ತಳ್ಳುತ್ತಾರೆ. ಯಾರೂ ಒಳಗೆ ಹೋಗುವ ಪ್ರಶ್ನೆ ಇಲ್ಲ.

ನಾನು ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಗಂಧಕ ಉರಿದಾಗ ಹುಟ್ಟುವ ಅನಿಲ ಗಾಳಿಗಿಂತ ಭಾರ, ಅದು ನೆಲಕ್ಕೆ ಇಳಿಯುತ್ತದೆ, ನೀರಿನಲ್ಲಿ ಕರಗುತ್ತದೆ, ಕಣ್ಣು ಗಂಟಲುಗಳ ಒದ್ದೆಯಲ್ಲಿ ಆಮ್ಲವಾಗುತ್ತದೆ ಎಂದು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಈ ವರ್ಷ, ಅದಾದ ಮೇಲೆಯೂ ಬರೆದೆ. ಸಮೀಕರಣ ಸರಿಯಾಗಿಯೇ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಆಮ್ಯಾಲ?" ಎಂದು ಕೇಳಿದಾಗಲೇ ನಾನು ಹಲಗೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತುಬಿಟ್ಟಿದ್ದೇನೆ ಎಂದು ಗೊತ್ತಾದದ್ದು.

ಆ ದಿನ ಭಾನುವಾರ. ಎರಡನೆಯ ಇಯತ್ತೆ ಓದುವ ಮಗಳನ್ನು ಕರೆದುಕೊಂಡು ವಿಜಯಪುರದ ಇಬ್ರಾಹಿಂಪುರದಲ್ಲಿರುವ ನಮ್ಮ ಮನೆಯಿಂದ ತೋಟಕ್ಕೆ ಹೋಗಿದ್ದೆ. ಗಂಡನಿಗೆ ಕೆಲಸವಿತ್ತು, ಬರಲಿಲ್ಲ. ಆಳುಗಳಿಗೂ ರಜೆ. ತೋಟದ ಮನೆಯಲ್ಲಿದ್ದವರು ಅಪ್ಪ, ಅವ್ವ, ತಮ್ಮ, ನಾನು, ಮಗಳು, ಅಷ್ಟೇ.

ಅಪ್ಪ ಮಧ್ಯಾಹ್ನ ಉಂಡ ಮೇಲೆ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಮಲಗುವವನು. ಅಂದು ಮಗಳು ತಮ್ಮನನ್ನು ಕಾಡಿ ಅಲ್ಲಿ ಜೋಕಾಲಿ ಕಟ್ಟಿಸಿಕೊಂಡಿದ್ದಳು. ಅಪ್ಪ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ನೋಡಿದ.

"ಏನವ್ವಾ, ನನ್ನ ಜಾಗಾ ನುಂಗಿದೆಲ್ಲ?"

"ಏನ್ರಿ, ತಲಿ ಬೆಳ್ಳಗಾತು, ಇನ್ನೂ ಹುಡುಗಿ ಕೂಡ ಜಾಗಾಕ್ಕ ಜಗಳಾಡ್ತೀರಿ" ಎಂದಳು ಅವ್ವ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ.

"ಗಿಡಾ ಹಚ್ಚಿದಾಂವ ನಾನು."

"ಹೌದ್ಹೌದು. ನೀರ ಹೊತ್ತ ಹಾಕಿದಾಕಿ ಯಾರು?"

"ಆಡವ್ವಾ ಆಡು. ನಾ ಎಲ್ಲೆರ ಬೀಳ್ತೇನಿ" ಎಂದು ಅಪ್ಪ ಮಗಳ ತಲೆ ಸವರಿ, ನಳದ ಕೆಳಗೆ ಟಾವೆಲ್ಲು ಒದ್ದೆ ಮಾಡಿ ಹಿಂಡಿ, ತಲೆಯ ಮೇಲೆ ಹಾಕಿಕೊಂಡು ಹೋದ. ಬಾವಿಯ ಕಡೆ ಹೋದ ಅಂದುಕೊಂಡೆವು. ಅವನು ಹೋದದ್ದು ಶೆಡ್ಡಿಗೆ. ಅರೆ ಒಣಗಿದ ಹಣ್ಣು ತುಂಬಿದ ರ‍್ಯಾಕುಗಳ ಕೆಳಗಿನಷ್ಟು ತಂಪು ಆ ಬಿಸಿಲಿನಲ್ಲಿ ಎಲ್ಲೂ ಇರಲಿಲ್ಲ. ಚಪ್ಪಲಿ ಕಲ್ಲಿನ ಮೇಲೆ ಬಿಟ್ಟು, ಆಚೆ ತುದಿಯವರೆಗೂ ಬಗ್ಗಿ ಹೋಗಿ, ಒದ್ದೆ ಟಾವೆಲ್ಲನ್ನು ಮುಖದ ಮೇಲೆ ಹೊದ್ದು, ಕೇಳುವ ಕಿವಿಯನ್ನೇ ನೆಲಕ್ಕೆ ಒತ್ತಿ ಮಲಗಿದ.

ಜೋಕಾಲಿ ಬೇಸರವಾದ ಮೇಲೆ ಮಗಳು ಅಲ್ಲಿಂದ ಎದ್ದು ಅಡ್ಡಾಡಿದ್ದಾಳೆ. ಕಲ್ಲಿನ ಮೇಲಿದ್ದ ಚಪ್ಪಲಿ ಹಾಕಿಕೊಂಡು ದ್ರಾಕ್ಷಿ ಸಾಲುಗಳ ನಡುವೆ ಮುತ್ಯಾನ, ಅಂದರೆ ತನ್ನ ಅಜ್ಜನ ಹಾಗೆ ನಡೆಯುವ ಆಟ ಆಡಿದ್ದಾಳೆ. ಇದೆಲ್ಲ ನಾವು ಆಮೇಲೆ ಜೋಡಿಸಿಕೊಂಡದ್ದು.

ಬಿಸಿಲು ಇಳಿಯುವ ಹೊತ್ತಿಗೆ ತಮ್ಮ ನನ್ನನ್ನು ಕರೆದ. "ಅಕ್ಕಾ, ತಾಡಪತ್ರಿ ಇಳಿಸೂನು, ಒಂದೀಟ ಹಿಡಿ ಬಾ. ಇವತ್ತ ಹೊಗಿ ಕೊಡದಿದ್ರ ಹಣ್ಣು ಕರ‍್ರಗಾಕ್ಕಾವು."

ಬಾಗಿಲಿಗೆ ಬಂದಾಗ ಅವನು ಕಲ್ಲು ನೋಡಿದ. ನಾನೂ ನೋಡಿದೆ. ಬರಿದಾಗಿತ್ತು. ಕಲ್ಲಿನ ಮೇಲೆ ಒಣ ಮಣ್ಣಿನ ಎರಡು ಗುರುತು ಇದ್ದವು, ಅಪ್ಪನ ಅಟ್ಟೆಯ ಅಳತೆಯವು. ಯಾವಾಗಲೂ ಇರುತ್ತಿದ್ದವು.

ತಾಡಪತ್ರಿ ಇಳಿಸಿ ಕಟ್ಟಿದೆವು. ಸಲಿಕೆಯಿಂದ ಮಣ್ಣು ಎಳೆದೆವು. ತಮ್ಮ ಬಬಲೇಶ್ವರದ ಯಾವುದೋ ಮದುವೆಯಲ್ಲಿ ಬ್ಯಾಂಡಿನವರು ಜಗಳಾಡಿದ ಕತೆ ಹೇಳುತ್ತಿದ್ದ, ನಾನು ನಗುತ್ತಿದ್ದೆ. ಅವನು ಮೊದಲನೆಯ ಬುಟ್ಟಿಗೆ ಕೆಂಡ ಹಾಕುವಾಗ ನಾನು ಚಹಾ ಮಾಡಲು ಮನೆಗೆ ಬಂದೆ.

ಇಲ್ಲಿಂದ ಮುಂದಿನದು ನನ್ನೊಳಗೆ ದಿನವೂ ನಡೆಯುತ್ತದೆ. ಬಸ್ಸಿನಲ್ಲಿ, ಹಾಜರಿ ಕರೆಯುವಾಗ, ಹಿಟ್ಟು ನಾದುವಾಗ. ಒಂದೂ ಬದಲಾಗುವುದಿಲ್ಲ.

ಒಲೆಯ ಮೇಲೆ ಚಹಾ ಇದೆ. ಅಂಗಳದಲ್ಲಿ ಚಟಪ್, ಚಟಪ್ ಎಂದು ಸದ್ದು. ಅವ್ವ ಕಟ್ಟೆಯ ಮೇಲಿಂದ, "ಸಾಹೇಬ್ರು ಬಂದ್ರು ನೋಡಬೇ" ಅನ್ನುತ್ತಾಳೆ. ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾಲು ಎಳೆಯುತ್ತ ಬರುತ್ತಾಳೆ. ಗಂಟಲು ದಪ್ಪ ಮಾಡಿ, "ಏ, ಚಾ ಆತೇನ? ಬಾಯಿ ಒಣಗಾಕತ್ತೈತಿ" ಅನ್ನುತ್ತಾಳೆ. ಅವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾಳೆ. ನಾನೂ ನಗುತ್ತೇನೆ.

"ನಿಮ್ಮ ಮುತ್ಯಾ ಹಿಂಗ ಕಾಲ ಎಳಿಯಂಗಿಲ್ಲಲೇ, ಎದಿ ಎತ್ತಿ ನಡೀತಾನ" ಅನ್ನುತ್ತಾಳೆ ಅವ್ವ.

"ಚಪ್ಲಿ ವಜ್ಜ ಅದಾವ ಆಯಿ."

"ಎಲ್ಲಿದ್ದೂ ಇವು?"

"ಕಲ್ಲಿನ ಮ್ಯಾಲ."

ನಾನು ಇನ್ನೂ ನಗುತ್ತಿದ್ದೇನೆ. ಚಹಾ ಉಕ್ಕುತ್ತದೆ, ಒಲೆ ಸಣ್ಣ ಮಾಡುತ್ತೇನೆ. ಅರಿವೆಯಿಂದ ಒರೆಸುತ್ತೇನೆ. ಅವ್ವ, "ಅಲ್ಲ, ಹಂಗಾರ ಅವ್ರು ಬರಿಗಾಲಲೆ ಎಲ್ಲಿ ಹೋದ್ರು?" ಅನ್ನುತ್ತಾಳೆ. ಬೇಸಿಗೆಯಲ್ಲಿ ಅಪ್ಪ ಬರಿಗಾಲಲ್ಲಿ ಅಂಗಳ ದಾಟುವುದಿಲ್ಲ. ಅರಿವೆಯನ್ನು ಮಡಚಿ ಇಡುತ್ತೇನೆ. ಮಡಚಿ ಇಟ್ಟ ಮೇಲೆಯೇ ಅವ್ವನ ಮಾತು ನನಗೆ ಪೂರ್ತಿ ಕೇಳಿಸುತ್ತದೆ.

ಓಡಿದೆ. ಯಾವಾಗ ಎತ್ತಿಕೊಂಡೆನೋ, ಅಪ್ಪನ ಒಂದು ಚಪ್ಪಲಿ ನನ್ನ ಕೈಯಲ್ಲಿತ್ತು. ತಮ್ಮ ಬಾಗಿಲ ಕಡೆಯ ಬುಟ್ಟಿಗಳನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ.

"ಅಪ್ಪ ಒಳಗದಾನ!"

"ಇಲ್ಲಕ್ಕ, ಕಲ್ಲ ನೋಡೀನಲ್ಲ" ಎಂದ. ಆಮೇಲೆ ನನ್ನ ಕೈ ನೋಡಿದ.

ಅವನು ಗಂಟು ಬಿಚ್ಚಲು ಹೋಗಲಿಲ್ಲ. ಕುಡಗೋಲಿನಿಂದ ತಾಡಪತ್ರಿಯನ್ನು ಮೇಲಿನಿಂದ ಕೆಳಗೆ ಸೀಳಿದ. ಹೊಗೆ ಬಂತು. ಅವನು ಒಳಗೆ ಹೋಗಿ, ಕೆಮ್ಮುತ್ತ ಹೊರಗೆ ಬಂದು, ಮತ್ತೆ ಹೋದ. ನಾನು ಆಚೆ ಬದಿಯ ಹಗ್ಗ ಎಳೆಯುತ್ತಿದ್ದೆ, ಅದು ಬಿಚ್ಚುತ್ತಿರಲಿಲ್ಲ. ನಾನೇ ಕಟ್ಟಿದ ಗಂಟು. ಎರಡನೆಯ ಸಲ ತಮ್ಮ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದ, ಅಪ್ಪನ ಎರಡೂ ಕಾಲು ಹಿಡಿದು ಎಳೆಯುತ್ತ. ಮೊದಲು ಕಂಡದ್ದು ಅಂಗಾಲು. ಹಿಮ್ಮಡಿಗೆ ಅರೆ ಒಣಗಿದ ಹಣ್ಣೊಂದು ಅಂಟಿತ್ತು. ನಾನು ಬಗ್ಗಿ ಅದನ್ನು ತೆಗೆದೆ. ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ನೋಡುವ ಮೊದಲು ನಾನು ಮಾಡಿದ್ದು ಅದನ್ನು.

ಟಾವೆಲ್ಲು ಮುಖದ ಮೇಲೆಯೇ ಇತ್ತು, ಇನ್ನೂ ತೇವ ಇತ್ತು. ಅದೇ ಉಳಿಸಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಆಚೆ ತುದಿಯಲ್ಲಿ ಮಲಗಿದ್ದೂ ಒಳ್ಳೆಯದಾಯಿತು. ಟಿಕೋಟಾದಲ್ಲಿ ಆಮ್ಲಜನಕ ಹಚ್ಚಿ, ಆಂಬ್ಯುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದರು. ಇಟ್ಟಂಗಿಹಾಳದ ಕಡೆ ಹೊರಳುವ ರಸ್ತೆಯ ಹತ್ತಿರ ಯಾರದೋ ಕುರಿಗಳು ಅಡ್ಡ ಬಂದವು. ಅವು ದಾಟುವವರೆಗೆ ಗಾಡಿ ನಿಂತಿತು. ನಾನು ಒಂದೊಂದೇ ಕುರಿಯನ್ನು ನೋಡುತ್ತ ಕುಳಿತಿದ್ದೆ. ಏನೂ ಅನ್ನಿಸಲಿಲ್ಲ. ತಮ್ಮ ಅಪ್ಪನ ಪಾದಗಳನ್ನು ಹಿಡಿದುಕೊಂಡಿದ್ದ. ಶೆಡ್ಡಿನಿಂದ ಎಳೆಯುವಾಗ ಹಿಡಿದದ್ದನ್ನು ಬಿಟ್ಟೇ ಇಲ್ಲವೇನೋ ಎಂಬಂತೆ.

ಅಪ್ಪ ಉಳಿದ. ಕಣ್ಣು ಕೆಂಪಗೆ, ದನಿ ಒಡೆದು, ಮೂಗು ಬಾಯಿಗೆ ಮುಖವಾಡ ಹಾಕಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಕುಳಿತ. ನೋಡಲು ಮಂದಿ ಬಂದರು. ನಿಡೋಣಿಯಿಂದ ಸೋದರತ್ತೆ ಬಂದಳು. ಅಪ್ಪನಿಗಿಂತ ಹಿರಿಯಳು, ಅವಳ ಬಾಯಿಗೆ ಅಪ್ಪನೂ ಹೆದರುತ್ತಾನೆ. ಅಂದು ನನ್ನ ಮಗಳೂ ಇದ್ದಳು, ಹಾಸಿಗೆಯ ಕಾಲ ಬದಿಯ ಕಬ್ಬಿಣದ ಪಟ್ಟಿ ಹಿಡಿದು ನಿಂತಿದ್ದಳು. ಅತ್ತೆ ಅಪ್ಪನ ಬೆನ್ನು ಸವರಿ, ಅತ್ತು, ಮೂಗು ಒರೆಸಿಕೊಂಡು ನನ್ನ ತಮ್ಮನ ಕಡೆ ತಿರುಗಿದಳು.

"ಕಲ್ಲ ನೋಡಿದ್ಯಂತಲ್ಲೋ. ಕಲ್ಲೇನ ನಿಮ್ಮಪ್ಪನೇನು? ಒಂದ ಸಲ 'ಯಪ್ಪಾ' ಅಂತ ಬಾಯಿ ತಗದಿದ್ರ ನಾಲಿಗಿ ಸವೀತಿತ್ತೇನ ನಿಂದು?"

ತಮ್ಮ ಗೋಡೆಗೆ ಒರಗಿ ನಿಂತಿದ್ದ. ಆ ದಿನದಿಂದ ಅವನು ಅಪ್ಪನ ಹಾಸಿಗೆಯ ಹತ್ತಿರ ಕುಳಿತಿರಲಿಲ್ಲ. ಔಷಧ ತರುತ್ತಿದ್ದ, ನೀರು ತರುತ್ತಿದ್ದ, ಗೋಡೆಗೆ ಒರಗುತ್ತಿದ್ದ.

"ಮತ್ತ ಚಪ್ಲಿ ಏನಾದೂ? ರೆಕ್ಕಿ ಬಂದ ಹಾರಿ ಹೋದ್ವೇನು?" ಎಂದಳು ಅತ್ತೆ.

ಮಗಳ ಕೈ ಪಟ್ಟಿಯ ಮೇಲೆ ಬಿಗಿಯಾಯಿತು. ಅಪ್ಪ ಮುಖವಾಡ ಸರಿಸಿದ.

"ನನ್ನ ಕಾಲಾಗ ಇದ್ದೂ. ಹಾಕ್ಕೊಂಡ ಒಳಗ ಹೋಗಿದ್ನಿ."

"ನೀನು? ಚಪ್ಲಿ ಹಾಕ್ಕೊಂಡು? ಹ್ವಾದ ವರ್ಷ ಬಾಗಲದಾಗ ಎಲ್ಲಾರ ಮುಂದ ನನ್ನ ಚಪ್ಲಿ ಬಿಚ್ಚಿಸಿದಾಂವ?"

"ಮುಪ್ಪಾತು ಯಕ್ಕಾ. ಮರತ್ನಿ."

ಅತ್ತೆ ನನ್ನ ತಮ್ಮನನ್ನು ನೋಡಿದಳು. ಬರಿಗಾಲು ಹಿಡಿದು ಎಳೆದವನು ಅವನು. "ಹೂಂ ಅತ್ತಿ," ಎಂದ. "ಕಾಲಾಗ ಇದ್ದೂ." ಅವ್ವ ಕಿಟಕಿಯ ಕಡೆ ನೋಡುತ್ತ, "ಎಷ್ಟ ಸಲ ಹೇಳೇನಿ, ಈಗೀಗ ಭಾಳ ಮರವು ಅಂತ" ಎಂದಳು. ಚಪ್ಪಲಿ ಯಾರ ಕಾಲಲ್ಲಿ ಅಂಗಳ ದಾಟಿ ಬಂದವು ಎಂದು ಕಣ್ಣಾರೆ ಕಂಡು ನಕ್ಕವಳು ಅವಳು. ಒಬ್ಬರನ್ನೊಬ್ಬರು ಕೇಳದೆ ಮೂವರೂ ಒಂದೇ ಸುಳ್ಳಿಗೆ ಬಂದು ನಿಂತರು. ನಾನು ಮಗಳ ಮುಖ ನೋಡಿದೆ. ಅವಳು ಹೊದಿಕೆಯ ಹೊರಗೆ ಚಾಚಿದ್ದ ಅಪ್ಪನ ಪಾದಗಳನ್ನು ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳ ಹೊಸ ಅಭ್ಯಾಸ ನನ್ನ ಕಣ್ಣಿಗೆ ಬಿತ್ತು. ಶಾಲೆಯಿಂದ ಬಂದವಳೇ ಬಾಗಿಲ ಹೊರಗಿನ ಚಪ್ಪಲಿ ಬೂಟುಗಳನ್ನು ಸಾಲಾಗಿ ಇಡುತ್ತಾಳೆ. ಆಮೇಲೆ ಒಳಗೆ ಬಂದು ಪ್ರತಿ ಖೋಲಿಗೆ ಹೋಗಿ ನೋಡುತ್ತಾಳೆ. ನಾನು ಒಳಗೆ ಹಾಕಿಕೊಳ್ಳುವ ಚಪ್ಪಲಿಯನ್ನೇ ಹಾಕಿಕೊಂಡು ಎದುರಿನ ಅಂಗಡಿಗೆ ಹೋಗಿದ್ದ ಒಂದು ಸಂಜೆ, ನನ್ನ ಹೊರಗಿನ ಚಪ್ಪಲಿ ಬಾಗಿಲಲ್ಲಿ ಇದ್ದು ನಾನು ಮನೆಯಲ್ಲಿ ಇಲ್ಲದ್ದನ್ನು ಕಂಡು ಪಲಂಗದ ಕೆಳಗೆಲ್ಲ ಹುಡುಕಿದ್ದಳು. ನಾನು ಬಂದಾಗ ಅಳುತ್ತಿರಲಿಲ್ಲ. ಪಲಂಗದ ಕೆಳಗೇ ಕುಳಿತಿದ್ದಳು. ಪಕ್ಕದ ಮನೆಯ ಪೂಜೆಗೆ ಹೋದಾಗ ಬಾಗಿಲಲ್ಲಿ ಚಪ್ಪಲಿಯ ರಾಶಿ ಕಂಡು ಒಳಗೆ ಬರಲಾರೆ ಎಂದು ಹಟ ಹಿಡಿದಳು. "ಯಾರವು ಯಾವು ಅಂತ ತಿಳಿಯಂಗಿಲ್ಲ ಮಮ್ಮಿ" ಎಂದಳು.

ಒಂದು ಸಂಜೆ ರೊಟ್ಟಿ ತಿನ್ನುತ್ತಿದ್ದಾಗ ಮನೆ ಹಿಂದಿನ ಹಳಿಯ ಮೇಲೆ ಗೂಡ್ಸ್ ರೈಲು ಹೋಯಿತು. ಆ ಸದ್ದಿನಲ್ಲಿ ಅವಳು ಏನೋ ಹೇಳಿದಳು. ರೈಲು ಹೋದ ಮೇಲೆ, "ಏನಂದಿ?" ಎಂದೆ.

"ಮುತ್ಯಾ ಚಪ್ಲಿ ಹಾಕ್ಕೊಂಡಿದ್ದಿಲ್ಲ. ನಾ ಹಾಕ್ಕೊಂಡಿದ್ನಿ."

ನನಗೆ ಹೇಳಲು ಬೇಕಾದಷ್ಟಿತ್ತು. ನಿನ್ನದೇನೂ ತಪ್ಪಿಲ್ಲ ಅನ್ನಬಹುದಿತ್ತು. "ಪಲ್ಯಾ ಹಾಕ್ಲಿ?" ಎಂದೆ. ಅವಳು ತಟ್ಟೆ ಮುಂದೆ ಹಿಡಿದಳು.

ಮರುದಿನ ಅಪ್ಪನಿಗೆ ಫೋನು ಮಾಡಿದೆ. ಅಷ್ಟರಲ್ಲಿ ಅವನು ತೋಟಕ್ಕೆ ಮರಳಿದ್ದ. ತಮ್ಮ ಅಂದಿನಿಂದ ಹೊಗೆ ಕೊಟ್ಟಿರಲಿಲ್ಲ. ರ‍್ಯಾಕಿನ ಮೇಲಿದ್ದದ್ದು ಕಂದಾಗಿ, ಹಾಗೆಯೇ ಕಡಿಮೆ ಬೆಲೆಗೆ ಹೋಗಿತ್ತು. ಹಂಗಾಮಿನ ಕೊನೆಯ ಹಣ್ಣು ಬಲೆಯ ಮೇಲೆ ಇತ್ತು, ಅದಕ್ಕೂ ಹೊಗೆ ಬೇಡ ಎನ್ನುತ್ತಿದ್ದ.

"ಆಕಿಗೆ ಎಲ್ಲಾ ಗೊತ್ತೈತಿ ಯಪ್ಪಾ" ಎಂದೆ.

ಅವನು ಕೆಮ್ಮಿದ. "ಕರಕೊಂಬಾ" ಎಂದ.

ಹೋದೆವು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಕಾಲಲ್ಲಿ ಅವೇ ಚಪ್ಪಲಿ. ಅವ್ವ ಅವನ್ನು ಹೊಟ್ಟಿನ ಚೀಲದ ಹಿಂದೆ ಮುಚ್ಚಿಟ್ಟಿದ್ದಳಂತೆ, ಹುಡುಕಿಸಿ ತೆಗೆಸಿದ್ದ. ಮಗಳು ನನ್ನ ಸೆರಗಿನ ಹಿಂದೆ ನಿಂತಳು. ಅಪ್ಪ ಚಪ್ಪಲಿ ಬಿಟ್ಟು, ಬಗ್ಗಿ, ಅವಳ ಮುಂದೆ ಇಟ್ಟ.

"ಹಾಕ್ಕೋರಿ ಸಾಹೇಬ್ರ."

"ಒಲ್ಲೆ."

"ನಾ ದವಾಖಾನ್ಯಾಗ ಸುಳ್ಳ ಹೇಳಿದ್ನಿ. ನೀ ಹಾಕ್ಕೊಂಡಿದ್ದಿ. ಖರೇನೋ ಇಲ್ಲೋ?"

ಅವಳು ಹೌದೆಂದು ತಲೆ ಆಡಿಸಿದಳು. ಅಪ್ಪನ ಒತ್ತಾಯಕ್ಕೆ ಹೊಗೆ ಕೊಡಲು ಬಂದಿದ್ದ ತಮ್ಮ ತಾಡಪತ್ರಿಯ ಹಗ್ಗ ಕೈಯಲ್ಲಿ ಹಿಡಿದು ನಿಂತುಬಿಟ್ಟ.

"ಮತ್ತ ಹಾಕ್ಕೊಂಡರ ಏನಾತು? ಮುತ್ಯಾನ ಚಪ್ಲಿ ಮೊಮ್ಮಗಳು ಹಾಕ್ಕೊಳ್ಳದ ಯಾರ ಹಾಕ್ಕೋಬೇಕು? ಚಪ್ಲಿಗೆ ಬಾಯಿ ಇಲ್ಲವ್ವ, ನನಗೈತಿ. ನನ್ನ ಹುಡಕೂದಿದ್ರ ನನ್ನ ಕರೀಬೇಕು, ಚಪ್ಲಿ ಅಲ್ಲ. ಕಲ್ಲ ನೋಡೂದ ಕಲಿಸಿದಾಂವ ನಾನು. ಅದು ಇವತ್ತಿಗೆ ಮುಗೀತು."

"ನಿನಗ ಕಿವಿ ಕೇಳಂಗಿಲ್ಲಲ್ಲ?"

"ನೀ ಒದರಿದ್ರ ಟಿಕೋಟಾಕ್ಕ ಕೇಳತೈತಿ, ನನಗ ಕೇಳಂಗಿಲ್ಲೇನು?"

ಅವಳು ನಗಲಿಲ್ಲ. ಆದರೆ ಒಂದು ಕಾಲು ಮುಂದೆ ಚಾಚಿದಳು, ಆಮೇಲೆ ಇನ್ನೊಂದು. ಚಟಪ್, ಚಟಪ್ ಎಂದು ಮನೆಯ ಕಡೆ ನಡೆದಳು. ನಡುನಡುವೆ ನಿಂತು, ತಿರುಗಿ, "ಮುತ್ಯಾ!" ಎಂದು ಒದರಿದಳು. ಅಪ್ಪ ಒಡಕು ದನಿಯಲ್ಲಿ, "ಓ" ಎಂದ. ಅವಳು ಅಂಗಳ ಮುಟ್ಟುವವರೆಗೂ ಹಾಗೆಯೇ ನಡೆಯಿತು. ಪ್ರತಿ ಓಗೂ ಅವನಿಗೆ ಕೆಮ್ಮು ಬರುತ್ತಿತ್ತು.

ಕಲ್ಲು ಬರಿದಾಗಿತ್ತು, ಆ ದಿನದ ಹಾಗೆಯೇ. ತಮ್ಮ ಅದನ್ನು ನೋಡಲಿಲ್ಲ. ಬರಿಗಾಲಲ್ಲಿ ಒಳಗೆ ಹೋಗಿ, ರ‍್ಯಾಕುಗಳ ಕೆಳಗೆ ಆಚೆ ತುದಿಯವರೆಗೂ ಬಗ್ಗಿ ನೋಡಿ ಬಂದ. ತಾಡಪತ್ರಿ ಇಳಿಸಿದೆವು. ಕೊನೆಯ ಅಂಚನ್ನು ಕಟ್ಟುವ ಮೊದಲು ಅವನು ಅದನ್ನು ಎತ್ತಿ, ತಲೆಯನ್ನು ಒಳಗೆ ಹಾಕಿ, ಕತ್ತಲೆಗೆ "ಯಪ್ಪಾ!" ಎಂದು ಕೂಗಿದ. ಮತ್ತೊಮ್ಮೆ ಕೂಗಿದ. ಅವನ ಬೆನ್ನ ಹಿಂದೆಯೇ ಕುರ್ಚಿಯಲ್ಲಿ ಕುಳಿತಿದ್ದ ಅಪ್ಪ ಎರಡೂ ಸಲ "ಓ" ಎಂದ.

"ಓ ಅಂದ್ನೆಲ್ಲೋ, ಇಲ್ಲೇ ಅದೀನಿ. ಹಚ್ಚು ಮಗನ."

ತಮ್ಮ ತಲೆ ಹೊರಗೆ ತೆಗೆದ. ಮುಖವೆಲ್ಲ ಒದ್ದೆಯಾಗಿತ್ತು. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ, ಆ ದಿನದಿಂದ ಮೊದಲ ಸಲ ಅಪ್ಪನ ಹತ್ತಿರ. ಅಪ್ಪ ಅವನ ತಲೆಯ ಮೇಲೆ ಕೈ ಇಟ್ಟು, ಅಲ್ಲಿಯೇ ಬಿಟ್ಟ. ನಾನು ಹಗ್ಗ ಹಿಡಿದು ನಿಂತಿದ್ದೆ. ಎಲ್ಲರೂ ಹೊರಗಿದ್ದಾರೆ ಎಂದು ನನಗೆ ಕಾಣಿಸುತ್ತಿತ್ತು. ಅಪ್ಪನ ಓ ನನಗೂ ಕೇಳಿಸಿತ್ತು. ಆದರೂ ಗಂಟು ಬಿಗಿಯದೆ ತಾಡಪತ್ರಿಗೆ ಕಿವಿ ಹಚ್ಚಿ ನಿಂತಿದ್ದೆ, ಒಳಗಿನಿಂದ ಇನ್ನೊಂದು ಓ ಬರುವುದಿದೆಯೋ ಎಂದು.